ಅವನು ಹಾಗೆ ಮಾಡುವವನಲ್ಲ

ಕಳೆದ ಮಾವಿನ ಸುಗ್ಗಿಯಲ್ಲಿ ನನ್ನ ಅಕ್ಕನ ಮಗ ನಾಲ್ಕು ದಿನದ ರಜೆ ಹಾಕಿ ಬೆಂಗಳೂರಿನಿಂದ ಶ್ರೀನಿವಾಸಪುರಕ್ಕೆ ಬಂದಿದ್ದ. ಬಂದ ದಿನವೇ ರಾತ್ರಿ ಊಟ ಮುಗಿಸಿ ಮಹಡಿಗೆ ಹೋದವನು ಫೋನಿನಲ್ಲಿ ಯಾರ ಜೊತೆಗೋ ಜೋರು ಜೋರಾಗಿ ವಾದಕ್ಕಿಳಿದ. ಕೆಳಗೆ ಕುಳಿತ ನಮಗೆ ಅರ್ಧಂಬರ್ಧ ಕೇಳಿಸುತ್ತಿತ್ತು. ಯಾರೋ ಮಾವ, ಯಾರೋ ಅಳಿಯ, ಮಲಗಿದ್ದವನ ಮೇಲೆ ಕತ್ತಿ ಎತ್ತಿದ್ದು, ಇಪ್ಪತ್ತು ಮೂವತ್ತು ವರ್ಷದ ಹಿಂದಿನ ಯಾವುದೋ ಮಾತು. ನನ್ನ ಹೆಂಡತಿ ಗಾಬರಿಯಾಗಿ, "ಜಮೀನಿನ ತಕರಾರಿರಬೇಕು, ಹೋಗಿ ನೋಡಿ" ಎಂದಳು. ನಾನು ಮೆಟ್ಟಿಲು ಹತ್ತಿ ಹೋದರೆ ಹುಡುಗನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಉನೆ ವೈಸಾ ಕರ್ನೇವಾಲಾ ನೈ, ಮಾಮು" ಎಂದ. ಅವನು ಹಾಗೆ ಮಾಡುವವನೇ ಅಲ್ಲ.

ಅವನೆಂದರೆ ಯಾರು ಎಂದು ಕೇಳಿದೆ. ಲ್ಯೂಕ್ ಸ್ಕೈವಾಕರ್ ಎಂದ.

ನಾನು ನಗಬೇಕಿತ್ತು. ನಗಲಿಲ್ಲ. ಯಾಕೆಂದರೆ ಇದೇ ಮಾತನ್ನು ನಾನು ಬೇರೆ ಬೇರೆ ಬಾಯಿಗಳಲ್ಲಿ ಕೇಳಿದ್ದೇನೆ, ಒಂದು ಸಲವಂತೂ ನನ್ನ ಮೇಲಿನ ಆರೋಪವಾಗಿಯೇ ಕೇಳಿದ್ದೇನೆ. ಮರುದಿನ ಅವನ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕುಳಿತು ಆ ಸಿನಿಮಾ ನೋಡಿದೆವು. ಹಿಂದಿನ ಕತೆಯನ್ನು ಅವನೇ ಹೇಳಿಕೊಟ್ಟ.

1977ರಲ್ಲಿ ಬಂದ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಲ್ಯೂಕ್ ಒಬ್ಬ ರೈತಾಪಿ ಹುಡುಗ, ಮರಳುಗಾಡಿನ ಗ್ರಹವೊಂದರಲ್ಲಿ ಬೆಳೆದವನು. 1980ರ ಎರಡನೆಯ ಚಿತ್ರದಲ್ಲಿ ಲೋಕಕಂಟಕನಾದ ಡಾರ್ತ್ ವೇಡರನೇ ತನ್ನ ತಂದೆಯೆಂದು ಅವನಿಗೆ ತಿಳಿಯುತ್ತದೆ. 1983ರ ಮೂರನೆಯದರಲ್ಲಿ, ತಂದೆಯನ್ನು ಕೊಲ್ಲುವ ಅವಕಾಶ ಕೈಗೆ ಬಂದಾಗ ಅವನು ಆಯುಧವನ್ನು ಎಸೆದುಬಿಡುತ್ತಾನೆ. ಇವನಲ್ಲಿ ಇನ್ನೂ ಒಂದಿಷ್ಟು ಒಳ್ಳೆಯತನ ಉಳಿದಿದೆ ಎಂದು ನಂಬುತ್ತಾನೆ. ನಂಬಿಕೆ ನಿಜವಾಗುತ್ತದೆ. ತಂದೆ ಮಗನನ್ನು ಉಳಿಸಿ ಸಾಯುತ್ತಾನೆ. ಅಲ್ಲಿಗೆ ಕತೆ ಮುಗಿದಿತ್ತು, ಜಗತ್ತಿನ ಕೋಟ್ಯಂತರ ಹುಡುಗರು ಆ ಮುಗಿತಾಯವನ್ನು ಎದೆಯಲ್ಲಿಟ್ಟುಕೊಂಡು ದೊಡ್ಡವರಾದರು.

ಆದರೆ 2017ರ ಡಿಸೆಂಬರಿನಲ್ಲಿ ರಿಯಾನ್ ಜಾನ್ಸನ್ ನಿರ್ದೇಶನದ 'ದಿ ಲಾಸ್ಟ್ ಜೆಡೈ' ಬಂತು. ಅದರಲ್ಲಿ ಲ್ಯೂಕ್ ಗಡ್ಡ ನರೆತ ಮುದುಕ. ಯಾರಿಗೂ ಸಿಗದ ದ್ವೀಪವೊಂದರಲ್ಲಿ ಅಡಗಿದ್ದಾನೆ. ಒಬ್ಬಳು ಹುಡುಗಿ ಅವನ ಹಳೆಯ ಬೆಳಕಿನ ಕತ್ತಿಯನ್ನು ತಂದು ಭಕ್ತಿಯಿಂದ ಕೈಗಿಟ್ಟರೆ, ಅವನು ಅದನ್ನು ಹೆಗಲ ಮೇಲಿಂದ ಹಿಂದಕ್ಕೆ ಬಿಸಾಕುತ್ತಾನೆ. ಯಾಕೆ ಹೀಗಾದ? ಅವನ ತಂಗಿಯ ಮಗ ಅವನ ಶಿಷ್ಯನಾಗಿದ್ದ. ಆ ಹುಡುಗನೊಳಗೆ ಕತ್ತಲೆ ಬೆಳೆಯುತ್ತಿರುವುದನ್ನು ಕಂಡು ಒಂದು ರಾತ್ರಿ, ಒಂದೇ ಒಂದು ಕ್ಷಣ, ಮಲಗಿದ್ದವನ ಮೇಲೆ ಲ್ಯೂಕ್ ಕತ್ತಿ ಹೊತ್ತಿಸಿದ. ಮರುಕ್ಷಣವೇ ನಾಚಿಕೆಪಟ್ಟ. ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟಿದ್ದ. ಗುರುಕುಲ ಸುಟ್ಟುಹೋಯಿತು, ಹುಡುಗ ಶತ್ರುಪಾಳಯ ಸೇರಿದ.

"ಅಷ್ಟು ಜನರನ್ನು ಕೊಂದ ಅಪ್ಪನಲ್ಲೇ ಒಳ್ಳೆಯದನ್ನು ಹುಡುಕಿದವನು, ಏನೂ ಮಾಡದ ಭಾಂಜನ ಮೇಲೆ ಕತ್ತಿ ಎತ್ತುತ್ತಾನಾ ಮಾಮು? ನೀವು ಕತೆ ಬರೆಯೋರು, ನೀವೇ ಹೇಳಿ" ಎಂದು ನನ್ನ ಭಾಂಜಾ ಕೇಳಿದ. ಗಟ್ಟಿ ವಾದವೇ. ನಮ್ಮ ಕಡೆಯ ಕತೆಗಳಲ್ಲಿ ಸೋದರಮಾವಂದಿರಿಗೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ, ಕಂಸನನ್ನೂ ಶಕುನಿಯನ್ನೂ ನೆನೆಸಿಕೋ ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ. ಲ್ಯೂಕನ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರೇ ನಿರ್ದೇಶಕನ ಕಲ್ಪನೆಯನ್ನು ತಾನು ಮೂಲತಃ ಒಪ್ಪಿರಲಿಲ್ಲವೆಂದು ಹೇಳಿದ್ದರಂತೆ. ಆಮೇಲೆ ಅದನ್ನು ಹೊರಗೆ ಆಡಬಾರದಿತ್ತೆಂದು ವಿಷಾದಿಸಿದರಂತೆ. ಅಭಿಮಾನಿಗಳು ಎರಡು ಪಂಗಡವಾದರು. ಕೆಲವರು ಎಲ್ಲೆ ಮೀರಿದರು ಕೂಡ: ಚಿತ್ರದಲ್ಲಿ ನಟಿಸಿದ ಕೆಲಿ ಮರಿ ಟ್ರಾನ್ ಎಂಬ ನಟಿ ಬೈಗುಳ ತಾಳಲಾರದೆ 2018ರಲ್ಲಿ ತನ್ನ ಇನ್‌ಸ್ಟಾಗ್ರಾಂ ಬರಹಗಳನ್ನೆಲ್ಲ ಅಳಿಸಿಹಾಕಿದಳು. ಆ ಬಗೆಯ ಅಭಿಮಾನದ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ಆದರೆ ಮಹಡಿಯ ಮೇಲೆ ಕಣ್ಣೀರು ಹಾಕಿದ ಹುಡುಗನ ಅಭಿಮಾನ ಬೇರೆ. ಅದು ನನಗೆ ಗೊತ್ತಿರುವಂಥದು.

1987ರಲ್ಲಿ ನನಗೆ ಎಂಟು ವರ್ಷ. ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ಪಕ್ಕದ ಮನೆಯಲ್ಲೊಂದೇ, ಕಪ್ಪು ಬಿಳುಪಿನದು. ಭಾನುವಾರ ಬೆಳಗ್ಗೆ ರಮಾನಂದ ಸಾಗರರ 'ರಾಮಾಯಣ' ಬರುವ ಹೊತ್ತಿಗೆ ಆ ಮನೆಯ ಪಡಸಾಲೆ ತುಂಬಿಹೋಗುತ್ತಿತ್ತು. ಆ ಮನೆಯ ಅಜ್ಜಿಗೆ ತೆಲುಗು ಕನ್ನಡ ಎರಡೂ ನೀರು ಕುಡಿದಷ್ಟು ಸಲೀಸು, ಹಿಂದಿ ಮಾತ್ರ ಒಂದಕ್ಷರ ಬಾರದು. ನಾನು ಉರ್ದು ಶಾಲೆಯ ಹುಡುಗ. ಹಾಗಾಗಿ ಅಜ್ಜಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, "ಏನಂದ್ನಪ್ಪಾ ಆವಯ್ಯ?" ಎಂದು ಕೇಳುತ್ತಿದ್ದರು. ಆದರೆ ಆ ಹಿಂದಿ ನನಗೂ ಪೂರ್ತಿ ದಕ್ಕುತ್ತಿರಲಿಲ್ಲ. 'ಪಿತಾಜಿ ಕೀ ಆಜ್ಞಾ' ಎಂದರೆ ನನಗೆ 'ಕೀ' ತಿಳಿಯುತ್ತಿತ್ತು, ಅಜ್ಜಿಗೆ 'ಪಿತಾ'ವೂ 'ಆಜ್ಞಾ'ವೂ ತಿಳಿಯುತ್ತಿದ್ದವು. ಕ್ರಿಯಾಪದಗಳು ನನ್ನವು, ನಾಮಪದಗಳು ಅಜ್ಜಿಯವು. ಇಬ್ಬರೂ ಸೇರಿ ಒಂದೊಂದು ವಾಕ್ಯವನ್ನು ಬಿಡಿಸಿಕೊಳ್ಳುತ್ತ ಅಯೋಧ್ಯೆಯಿಂದ ಲಂಕೆಗೆ ಹೋಗಿ ಬಂದೆವು. ನನ್ನ ಕನ್ನಡದ ಅರ್ಧ ಅಲ್ಲಿಯೇ ಕಲಿತದ್ದು ಎಂದರೆ ಹೆಚ್ಚಲ್ಲ.

1988ರ ಜುಲೈನಲ್ಲಿ ಪಟ್ಟಾಭಿಷೇಕವಾಗಿ ಧಾರಾವಾಹಿ ಮುಗಿಯಿತು. ಆಗ ನಡೆದ ಒಂದು ಸಂಗತಿ ನನಗೆ ಎಷ್ಟೋ ವರ್ಷಗಳ ಮೇಲೆ ಓದಿ ತಿಳಿಯಿತು. ಪಂಜಾಬಿನ ಜಲಂಧರ್‌ನಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ತಮ್ಮನ್ನು ವಾಲ್ಮೀಕಿಯ ಮಕ್ಕಳೆಂದು ತಿಳಿಯುವ ಸಮುದಾಯ ಅವರದು. ಕತೆಯನ್ನು ಪಟ್ಟಾಭಿಷೇಕಕ್ಕೇ ನಿಲ್ಲಿಸಿದರೆ ಸೀತೆಗೆ ಆಶ್ರಯ ಕೊಟ್ಟ ವಾಲ್ಮೀಕಿ ಕಾಣುವುದು ಎಲ್ಲಿ? ಮುಂದಿನ ಕತೆ ತೋರಿಸಿ ಎಂಬುದು ಅವರ ಬೇಡಿಕೆ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ಕೊನೆಗೆ 'ಲವ ಕುಶ' ಎಂಬ ಎರಡನೆಯ ಧಾರಾವಾಹಿ ಬಂತು. ಮುಂದಿನ ಭಾಗ ಬೇಕೆಂದು ಒಂದು ದೇಶದ ಕಸ ಗುಡಿಸುವವರು ಪೊರಕೆ ಕೆಳಗಿಟ್ಟ ಉದಾಹರಣೆ ಹಾಲಿವುಡ್ಡಿಗೂ ಇರಲಾರದು.

ನಮ್ಮ ಅಜ್ಜಿಗೆ ಮಾತ್ರ ಅದು ಬೇಡವಾಗಿತ್ತು. ಟಿ.ವಿ. ಹಾಕಿ ಮಕ್ಕಳನ್ನೆಲ್ಲ ಕೂರಿಸಿ ತಾವು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಒಂದು ದಿನ ನಾನು ಹಿಂದೆಯೇ ಹೋಗಿ ಯಾಕೆಂದು ಕೇಳಿದೆ. "ಪಟ್ಟ ಆಯ್ತಲ್ಲಪ್ಪಾ, ಅಲ್ಗೆ ಮುಗೀತು. ಆಮೇಲಿಂದು ಓದ್ಬಾರ್ದು" ಎಂದರು. ಪಾರಾಯಣ ಮಾಡುವ ಎಷ್ಟೋ ಮನೆಗಳಲ್ಲಿ ಪಟ್ಟಾಭಿಷೇಕಕ್ಕೇ ಪುಸ್ತಕ ಮುಚ್ಚುವ ರೂಢಿ ಇದೆಯೆಂದು ನನಗೆ ಆಗ ಗೊತ್ತಿರಲಿಲ್ಲ. ತುಂಬು ಬಸುರಿಯನ್ನು ಕಾಡಿಗೆ ಕಳಿಸಿದ ಭಾಗವದು. ಆದರೆ ವಿಚಿತ್ರ ನೋಡಿ, ಅಜ್ಜಿಯ ತವರು ಮುಳಬಾಗಿಲು ತಾಲ್ಲೂಕಿನ ಆವನಿಯ ಮಗ್ಗುಲಿನ ಹಳ್ಳಿ. ಆವನಿಯೆಂದರೆ ಸೀತೆ ಲವಕುಶರನ್ನು ಹೆತ್ತ ಜಾಗವೆಂದು ನಮ್ಮ ಸೀಮೆಯವರೆಲ್ಲ ನಂಬುವ ಬೆಟ್ಟ. ಮೇಲೆ ಸೀತೆಯ ಗುಡಿ, ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳು, ನೊಳಂಬರ ಕಾಲದವು. ಮಕ್ಕಳ ಮೇಲೆ ಯುದ್ಧ ಮಾಡಿದ ಪಾಪ ಕಳೆಯಲು ಸ್ಥಾಪಿಸಿದ ಲಿಂಗಗಳು ಎಂದು ಜನ ಹೇಳುತ್ತಾರೆ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ದೊಡ್ಡ ದನಗಳ ಜಾತ್ರೆ ಸೇರುತ್ತದೆ. ಅಜ್ಜಿ ಪ್ರತಿ ವರ್ಷ ಹೋಗಿ ಬೆಟ್ಟ ಹತ್ತಿ ಸೀತಮ್ಮನಿಗೆ ಕೈಮುಗಿದು ಬರುತ್ತಿದ್ದರು. ಮುಂದಿನ ಕತೆಯನ್ನು ಓದಬಾರದೆನ್ನುತ್ತಿದ್ದ ಹೆಂಗಸು ಮುಂದಿನ ಕತೆಯ ಊರಿನಲ್ಲೇ ಹುಟ್ಟಿ ಬೆಳೆದಿದ್ದರು. ಆಕೆಗೆ ಅದು ತಿಳಿಯದ ಸಂಗತಿಯೇನಲ್ಲ. ರಾಮನ ಎದುರಿಗೆ ಅದನ್ನು ಎತ್ತಬಾರದು, ಅಷ್ಟೆ.

ಈ ಇಕ್ಕಟ್ಟು ದೊಡ್ಡ ಕವಿಗಳನ್ನೂ ಬಿಟ್ಟಿಲ್ಲ. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಲಕ್ಷ್ಮೀಶನ ಸೀತಾ ಪರಿತ್ಯಾಗವನ್ನು ಓದಿಸುವಾಗ, ವಿಷಯ ಹೇಳಲಾರದೆ ಲಕ್ಷ್ಮಣ ತೊಳಲಾಡುವ ಕಡೆ ಅವರ ದನಿ ನಡುಗುತ್ತಿತ್ತು. ಲಕ್ಷ್ಮೀಶ ಆ ಪ್ರಸಂಗವನ್ನು ತಂದಿರುವುದು ಕೂಡ ಅರ್ಜುನನೂ ಮಗ ಬಭ್ರುವಾಹನನೂ ಕಾದಾಡುವ ಸಂದರ್ಭದಲ್ಲಿ, ಹಿಂದೆಯೂ ಹೀಗೆ ತಂದೆ ಮಕ್ಕಳು ಕಾದಿದ್ದುಂಟು ಎನ್ನುವುದಕ್ಕೆ. ವಯಸ್ಸಾದ ನಾಯಕ ತನ್ನ ಮಕ್ಕಳ ಎದುರು ಸೋಲುವುದು ನಮಗೇನೂ ಹೊಸದಲ್ಲ. 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಕುವೆಂಪು ಸೀತೆಯೊಡನೆ ರಾಮನನ್ನೂ ಬೆಂಕಿಗೆ ಇಳಿಸಿ ಅವನನ್ನು ಉಳಿಸಿಕೊಂಡರು. ಸಾಗರರು ಸೀತೆಯೇ ತಾನಾಗಿ ಹೊರಡುವಂತೆ ಮಾಡಿ ಉಳಿಸಿಕೊಂಡರು. ಎಸ್.ಎಲ್. ಭೈರಪ್ಪನವರ 'ಉತ್ತರಕಾಂಡ' ಮಾತ್ರ ಸೀತೆಯ ಬಾಯಿಂದಲೇ ಕತೆ ಹೇಳಿಸಿ, ಉಳಿಸುವ ಗೋಜಿಗೆ ಹೋಗಲಿಲ್ಲ. ಅದೂ ಬಂದದ್ದು 2017ರಲ್ಲಿಯೇ. ಒಂದೇ ವರ್ಷದಲ್ಲಿ ಕನ್ನಡ ಓದುಗರು ರಾಮ ಹೀಗಿದ್ದನೇ ಎಂದು, ಇಂಗ್ಲಿಷ್ ಸಿನಿಮಾ ನೋಡುವವರು ಲ್ಯೂಕ್ ಹೀಗಿದ್ದನೇ ಎಂದು ಕಿತ್ತಾಡಿದರು. ರಾಮನ ವಿಷಯದಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಭಾನುವಾರಗಳಲ್ಲಿ ಅಜ್ಜಿಯ ಪಕ್ಕ ಕುಳಿತ ಸಲುಗೆಯಲ್ಲಿ ಇಷ್ಟು ಹೇಳಿದೆ.

ನಮ್ಮ ಮನೆಯಲ್ಲಿಯೂ ಒಂದು ಕತೆಯಿತ್ತು, ರುಸ್ತುಮ್ ಸೊಹ್ರಾಬರದು. ರಾತ್ರಿ ಅಬ್ಬಾ ಹೇಳುತ್ತಿದ್ದರು. ತಂದೆಯೆಂದು ತಿಳಿಯದೆ ಮಗ, ಮಗನೆಂದು ತಿಳಿಯದೆ ತಂದೆ ಕುಸ್ತಿಗೆ ಬೀಳುತ್ತಾರೆ. ಕೊನೆಗೆ ಮಗ ಸಾಯುತ್ತಾನೆ. ಅಬ್ಬಾ ಹೇಳುವಾಗ ಅದು ಬರೀ ವಿಧಿಯಾಟ. ನಾನು ದೊಡ್ಡವನಾಗಿ ಉರ್ದುವಿನಲ್ಲಿ ಫಿರ್ದೌಸಿಯ ಷಾಹನಾಮೆಯ ಕತೆಯನ್ನು ಓದಿದಾಗ ಬೇರೆ ಸಂಗತಿ ಸಿಕ್ಕಿತು. ಸೊಹ್ರಾಬ್ ರುಸ್ತುಮನನ್ನು ಕೆಡವಿ ಖಂಜರ್ ಎತ್ತಿದಾಗ, ಮೊದಲ ಪಟ್ಟಿಗೆ ಕೊಲ್ಲುವುದು ನಮ್ಮ ರಿವಾಜಲ್ಲ ಎಂದು ಸುಳ್ಳು ಹೇಳಿ ರುಸ್ತುಮ್ ಜೀವ ಉಳಿಸಿಕೊಳ್ಳುತ್ತಾನೆ. ಎರಡನೆಯ ಪಟ್ಟಿನಲ್ಲಿ ತಾನು ಮಾತ್ರ ಆ ರಿವಾಜು ಪಾಲಿಸುವುದಿಲ್ಲ. ಅಬ್ಬಾ ಆ ದಗಾವನ್ನು ಹಾರಿಸಿಬಿಟ್ಟು ಹೇಳುತ್ತಿದ್ದರು.

ಅಬ್ಬಾ ನಮ್ಮ ಊರಿನ ಒಂದು ಮಾವಿನ ಮಂಡಿಯಲ್ಲಿ ತೂಕ ಹಾಕುತ್ತಿದ್ದರು. ಶ್ರೀನಿವಾಸಪುರ ಗೊತ್ತಿರುವವರಿಗೆ ಅದರ ತೂಕ ಹೇಳಬೇಕಾಗಿಲ್ಲ. ಜೂನ್ ಬಂತೆಂದರೆ ತೋತಾಪುರಿ ತುಂಬಿದ ಟ್ರಾಕ್ಟರುಗಳು ರಸ್ತೆಯುದ್ದಕ್ಕೂ ನಿಲ್ಲುತ್ತವೆ, ತಿರುಳು ತೆಗೆಯುವ ಚಿತ್ತೂರಿನ ಕಾರ್ಖಾನೆಗಳಿಗೆ ಲಾರಿಗಳು ಹೊರಡುತ್ತವೆ. ತೂಕದವನು ಕೂಗಿದ ಸಂಖ್ಯೆಯನ್ನೇ ಗುಮಾಸ್ತ ಬರೆಯುತ್ತಾನೆ, ಬರೆದದ್ದೇ ರೈತನ ವರ್ಷದ ಅನ್ನ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಬುಟ್ಟಿಗೆ ಎರಡು ಕೆ.ಜಿ. ಬಿಟ್ಟು ಕೂಗು ಎಂದು ಮಾಲೀಕರು ಹೇಳಿದರು. ಅಬ್ಬಾ ಕಾಂಟಾದಿಂದ ಇಳಿದು, ಚಪ್ಪಲಿ ಮೆಟ್ಟಿ, ಮನೆಗೆ ಬಂದುಬಿಟ್ಟರು. ಕುರ್‌ಆನಿನ 83ನೆಯ ಅಧ್ಯಾಯ ತೂಕದಲ್ಲಿ ಕಡಿಮೆ ಕೊಡುವವರಿಗೆ ಎಚ್ಚರಿಕೆ ಕೊಡುತ್ತಲೇ ಶುರುವಾಗುತ್ತದೆ. ಆ ದಿನ ಮಗ್ರಿಬ್ ನಮಾಜಿನ ಮೇಲೆ ಅಬ್ಬಾ ಅದನ್ನು ನನ್ನಿಂದ ಓದಿಸಿದರು. ಆ ವರ್ಷ ನಾವು ಉಂಡದ್ದಕ್ಕಿಂತ ಹಸಿದದ್ದೇ ಹೆಚ್ಚು.

2003ರಲ್ಲಿ ನಾನು ಇದನ್ನು ಕತೆಯಾಗಿ ಬರೆದೆ. ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ಕತೆಗಳಲ್ಲಿ ಜನ ಓದಿದ್ದು ಅದೊಂದೇ ಎನ್ನಬೇಕು. ಅಬ್ಬಾಗೆ ಕನ್ನಡ ಓದಲು ಬಾರದು, ಅವರದು 'ಸಾಲಾರ್' ಪತ್ರಿಕೆ. ನಾನೇ ದಖ್ಖನಿಯಲ್ಲಿ ಓದಿ ಹೇಳಿದೆ. ಏನೂ ಅನ್ನಲಿಲ್ಲ, ಮುಖ ಮಾತ್ರ ಅರಳಿತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವರನ್ನು ತೂಕದ ಸಾಬ್ರು ಎಂದು ಕರೆಯತೊಡಗಿದರು.

ಆದರೆ ಆ ಕತೆ ಬರೆಯುವಾಗ ನನಗೆ ಇನ್ನೊಂದು ಸಂಗತಿ ಗೊತ್ತಿತ್ತು. 1997ರಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಕೈಯಲ್ಲಿ ಕಾಸಿರಲಿಲ್ಲ. ಅಬ್ಬಾ ಅದೇ ಮಂಡಿಗೆ ಹೋಗಿ ಮುಂಗಡ ಪಡೆದು ಮತ್ತೆ ಕಾಂಟಾ ಹತ್ತಿದರು. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಹೋಗಿ ಪಕ್ಕದಲ್ಲಿ ನಿಂತಿದ್ದೆ. ಮುಳ್ಳು ನಲವತ್ತನಾಲ್ಕರಲ್ಲಿತ್ತು. ಅಬ್ಬಾ ನಲವತ್ತೆರಡು ಎಂದು ಕೂಗಿದರು. ಕೂಗಿ ನನ್ನ ಕಡೆ ನೋಡಿದರು. ರೈತ ಬೀಡಿ ಹಚ್ಚುತ್ತಿದ್ದ, ಅವನಿಗೆ ಏನೂ ಗೊತ್ತಾಗಲಿಲ್ಲ.

ಹತ್ತೊಂಬತ್ತು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದು 2016ರಲ್ಲಿ ಎರಡನೆಯ ಕತೆ ಬರೆದೆ. ಅದೇ ತೂಕದವನು, ಅದೇ ಕಾಂಟಾ, ಮಗಳ ಮದುವೆ. ಮೊದಲನೆಯದಕ್ಕಿಂತ ಅದು ಒಳ್ಳೆಯ ಕತೆ ಎಂದು ಇವತ್ತಿಗೂ ನನ್ನ ಅಭಿಪ್ರಾಯ. ಆದರೆ ಊರಿನಲ್ಲಿ ಯಾರಿಗೂ ಹಿಡಿಸಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಮನೆಗೇ ಬಂದು, "ಆ ಮನುಷ್ಯ ಅಂಥ ಕೆಲಸ ಮಾಡೋನಲ್ಲ ಕಣಯ್ಯ. ನಿನ್ನ ಪಾತ್ರ ನಿನಗೇ ಗೊತ್ತಾಗಿಲ್ಲ" ಎಂದು ಬುದ್ಧಿ ಹೇಳಿದರು. ಅಬ್ಬಾಗೆ ನಾನು ಓದಿ ಹೇಳಲಿಲ್ಲ. ಟೀ ಅಂಗಡಿಯಲ್ಲಿ ಯಾರೋ ಓದಿ ಹೇಳಿದ್ದರು.

ಆ ರಾತ್ರಿ ಕರೆದರು. ಬೈಯುತ್ತಾರೆಂದುಕೊಂಡೆ. "ರುಸ್ತುಮನ ಕತೆಯಲ್ಲಿ ನಾನು ಒಂದು ಜಾಗ ಬಿಟ್ಟು ಹೇಳ್ತಿದ್ದೆ. ಮಾಲೂಮ್ ಕ್ಯಾ ತೇರೇಕು?" ಎಂದರು. ಗೊತ್ತು ಎಂದೆ. "ತನಗೆ ಗೊತ್ತು ಅಂತ ನೀನು ಯಾವತ್ತೂ ನನಗೆ ಹೇಳಲಿಲ್ಲವಲ್ಲ" ಎಂದರು. ಅಷ್ಟೇ. ಮಗ್ಗುಲಾದರು. ಮರುದಿನದಿಂದ ಟೀ ಅಂಗಡಿಗೆ ಹೋಗುವುದನ್ನು ಬಿಟ್ಟರು. 2019ರಲ್ಲಿ ತೀರಿಕೊಳ್ಳುವವರೆಗೂ ಹೋಗಲಿಲ್ಲ. ಕಬರಸ್ಥಾನದಲ್ಲಿ ಮಣ್ಣು ಹಾಕಲು ಬಂದವರೆಲ್ಲ ತೂಕದ ಸಾಬ್ರ ನೇಕಿಯ ಮಾತನ್ನೇ ಆಡಿದರು. ಎರಡನೆಯ ಕತೆ ಯಾರ ನೆನಪಿನಲ್ಲೂ ಇರಲಿಲ್ಲ. ಊರು ಪಟ್ಟಾಭಿಷೇಕಕ್ಕೇ ಪುಸ್ತಕ ಮುಚ್ಚಿತ್ತು. ನನಗೆ ನೆಮ್ಮದಿಯಾಯಿತು, ಕತೆಗಾರನಾಗಿ ಸ್ವಲ್ಪ ಸಿಟ್ಟೂ ಬಂತು. ಸುಳ್ಳು ಹೇಳಲಾರೆ.

ಒಳ್ಳೆಯ ಮನುಷ್ಯ ಒಂದು ಕ್ಷಣ ಜಾರಬಲ್ಲನೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಜಾನ್ಸನ್ ಕಲ್ಪಿಸಿದ ಲ್ಯೂಕನನ್ನು ನಾನು ನಂಬಿದೆ. ಕಡೆಯಲ್ಲಿ ಅವನು ದ್ವೀಪದಿಂದ ಕದಲದೆ, ಬರೀ ತನ್ನ ರೂಪವನ್ನು ಕಳಿಸಿ, ಒಂದು ಸೇನೆಯನ್ನೇ ತಡೆದು, ಯಾರನ್ನೂ ಕೊಲ್ಲದೆ ಪ್ರಾಣ ಬಿಡುವ ದೃಶ್ಯ ಹಳೆಯ ಚಿತ್ರಗಳ ಲ್ಯೂಕನಿಗೆ ಒಪ್ಪುವಂತೆಯೇ ಇದೆ. ಅಭಿಮಾನಿಗಳ ಸಿಟ್ಟಿಗೆ ಹೆದರಿಯೋ ಏನೋ 2019ರ ಮುಂದಿನ ಚಿತ್ರದಲ್ಲಿ ಅದೇ ಲ್ಯೂಕ್ ಪ್ರೇತವಾಗಿ ಬಂದು ಎಸೆದ ಕತ್ತಿಯನ್ನು ಹಿಡಿದು ತಾನು ತಪ್ಪಿದೆನೆನ್ನುತ್ತಾನೆ. 2020ರ 'ದಿ ಮ್ಯಾಂಡಲೋರಿಯನ್' ಸರಣಿಯಲ್ಲಿ ಕಂಪ್ಯೂಟರಿನಿಂದ ಮುಖವನ್ನು ಎಳೆಯದು ಮಾಡಿ ಅವರಿಗೆ ಬೇಕಾದ ಯುವಕ ಲ್ಯೂಕನನ್ನೇ ತಂದುಕೊಟ್ಟರು. ನನ್ನ ಭಾಂಜಾ ಅದನ್ನು ನೋಡಿ ಅತ್ತಿದ್ದನಂತೆ. ಅವೆರಡೂ ನನಗೆ ಸಪ್ಪೆಯೆನಿಸಿದವು. ಆದರೆ ಜಾನ್ಸನ್‌ಗೆ ಇದ್ದ ಅನುಕೂಲ ನನಗಿರಲಿಲ್ಲ. ಅವನ ನಾಯಕ ಸಂಜೆ ಟೀ ಕುಡಿಯಲು ಅಂಗಡಿಗೆ ಹೋಗಬೇಕಾಗಿರಲಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಅವನು ಆ ಮದುವೆಯ ಮಗ. ನಾನಾ ಎಂದರೆ ಅವನಿಗೆ ಪ್ರಾಣ. ಕೊನೆಗೆ ಹಳೆಯ ಎರಡೂ ಸಂಚಿಕೆಗಳನ್ನು ಹುಡುಕಿ ಕೊಟ್ಟೆ. ಕನ್ನಡ ಅವನಿಗೆ ನಿಧಾನ, ರಾತ್ರಿ ಬಹಳ ಹೊತ್ತು ದೀಪ ಉರಿಯುತ್ತಿತ್ತು. ಬೆಳಗ್ಗೆ ಚಹಾ ಕುಡಿಯುವಾಗ, "ನಾನಾ ವೈಸಾ ಕರ್ನೇವಾಲೆ ನೈ, ಮಾಮು" ಎಂದ.

"ನಾನು ಅಲ್ಲೇ ನಿಂತಿದ್ದೆ, ಬೇಟಾ."

"ಎಲ್ಲಿ ನಿಂತಿದ್ರಿ?"

ಪಕ್ಕದಲ್ಲಿ ಎಂದೆ. ಅವನು ಸ್ವಲ್ಪ ಯೋಚಿಸಿ, "ಪಕ್ಕದಿಂದ ನೋಡಿದ್ರೆ ಮುಳ್ಳು ಬೇರೆ ಕಡೆ ಕಾಣುತ್ತೆ. ಆ ಸಿನಿಮಾದಲ್ಲೂ ಒಂದೇ ರಾತ್ರೀನ ಮೂರು ಥರ ತೋರಿಸ್ತಾರಲ್ಲ, ಮಾವ ಹೇಳಿದ್ದೊಂದು, ಅಳಿಯ ನೋಡಿದ್ದೊಂದು" ಎಂದ. ಆ ಚಿತ್ರವನ್ನು ಎಂಟು ವರ್ಷದಿಂದ ದ್ವೇಷಿಸಿದವನು ಈಗ ಅದನ್ನೇ ಸಾಕ್ಷಿಗೆ ಕರೆಯುತ್ತಿದ್ದ. ಅಬ್ಬಾ ಕೂಗಿದ ಮೇಲೆ ನನ್ನ ಕಡೆ ನೋಡಿದ ನೋಟದ ಬಗ್ಗೆ ಹೇಳೋಣವೆಂದು ಬಾಯಿ ತೆರೆದೆ. ಹೇಳಲಿಲ್ಲ.

ಮಧ್ಯಾಹ್ನ ಒಂದು ಪೆಟ್ಟಿಗೆ ಬಾದಾಮಿ ಹಣ್ಣು ಕಟ್ಟಿಸಿ ಅವನನ್ನು ಬಸ್ಸು ಹತ್ತಿಸಿ ಬಂದೆ. ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ಎರಡೂ ಸಂಚಿಕೆಗಳು ಇರಲಿಲ್ಲ.